ನೀರು ಕುಡಿದ ಹಗ್ಗ

"ಒಂದು ಗೇಣು ಸಾಲದು."

ಗಾರೆ ಮೇಸ್ತ್ರಿಯ ಈ ಮಾತು ಗೋಡೆಯ ಆಚೆಯಿಂದ ಕೇಳಿಬಂದಾಗ ಕೊನೆಮನೆಯಾಕೆ ಒದ್ದೆ ಹೊದಿಕೆಯೊಂದನ್ನು ಹಗ್ಗದ ಮೇಲೆ ಹರಡುತ್ತಿದ್ದಳು. ಹೊದಿಕೆಯ ಅಂಚು ನೆಲಕ್ಕೆ ತಾಗುತ್ತದೆಯೋ ಏನೋ ಎಂದು ಬಗ್ಗಿ ನೋಡುತ್ತಿದ್ದವಳಿಗೆ ಮೊದಲು ಅದು ತನಗೇ ಹೇಳಿದ್ದು ಅನ್ನಿಸಿತು. ತಲೆ ಎತ್ತಿದರೆ ಗೋಡೆಯ ನೆತ್ತಿಯ ಮೇಲೆ ಅಳತೆ ಟೇಪಿನ ಹಳದಿ ನಾಲಿಗೆ ಕಂಡಿತು.

ಗೋಡೆಯ ಆಚೆ ದರ್ಜಿಯ ಮನೆ. ದರ್ಜಿ ಸೊಂಟ ಮುರಿದುಕೊಂಡು ಗಾಲಿ ಕುರ್ಚಿ ಹಿಡಿದು ವರ್ಷದ ಮೇಲಾಗಿತ್ತು. ಆ ಸಾಲಿನ ಮನೆಗಳೆಲ್ಲ ಬೀದಿಗಿಂತ ಎತ್ತರ. ಮನೆ ಕಟ್ಟುವಾಗ ಬೀದಿಯ ಜಾಗದಲ್ಲಿ ಇನ್ನೂ ನೀರಿನ ಕಾಲುವೆ ಹರಿಯುತ್ತಿದ್ದದ್ದರಿಂದ ಎಲ್ಲರೂ ಪಾಯ ಎತ್ತರಿಸಿಕೊಂಡಿದ್ದರು. ಹೀಗಾಗಿ ದರ್ಜಿ ಹೊರಗೆ ಬರಬೇಕೆಂದರೆ ಇಬ್ಬರು ಸೇರಿ ಎತ್ತಿ ಮೆಟ್ಟಿಲು ಇಳಿಸಬೇಕು. ಅವನ ಮಗಳು ಆಸ್ಪತ್ರೆಯಲ್ಲಿ ದಾದಿ. ಇಡೀ ದಿನ ಊರವರ ಅಪ್ಪಂದಿರನ್ನು ಎತ್ತಿ ಕೂರಿಸಿ ಬರುವವಳು, ಮನೆಗೆ ಬಂದರೆ ತನ್ನ ಅಪ್ಪನನ್ನು ಎತ್ತಲು ಬೇರೆಯವರನ್ನು ಕರೆಯಬೇಕು. ಹಿತ್ತಲ ಬಾಗಿಲಿನಿಂದ ಮನೆಯ ಪಕ್ಕಕ್ಕೇ ಬೀದಿಯವರೆಗೆ ಒಂದು ಇಳಿಜಾರು ಮಾಡಿಸೋಣ ಎಂದು ಅವಳು ಎಷ್ಟು ಸಲ ಹೇಳಿದರೂ ದರ್ಜಿ ಒಪ್ಪಿರಲಿಲ್ಲ. ನನಗೆ ಬೀದಿಯಲ್ಲೇನು ಕೆಲಸ, ಹೋಗಿ ಬರುವವರು ಕಿಟಕಿಯಲ್ಲೇ ಕಾಣುತ್ತಾರೆ ಅನ್ನುತ್ತಿದ್ದ. ಕೊನೆಗೆ ಅವನನ್ನು ಕೇಳದೆಯೇ ಮಗಳು ಮೇಸ್ತ್ರಿಯನ್ನು ಕರೆತಂದಿದ್ದಳು.

ಮನೆಗೂ ಕಾಂಪೌಂಡು ಗೋಡೆಗೂ ನಡುವಿನ ಓಣಿಯಲ್ಲಿ ಕುರ್ಚಿ ಹೋಗುವುದಿಲ್ಲ, ಒಂದು ಗೇಣು ಅಗಲ ಬೇಕು ಎಂದು ಮೇಸ್ತ್ರಿ ವಿವರಿಸುತ್ತಿದ್ದ. ಕ್ರಯಪತ್ರದ ಪ್ರಕಾರ ಆ ಗೇಣು ಇರಲೇಬೇಕಿತ್ತಂತೆ. ಎಲ್ಲಿ ಹೋಯಿತು ಅನ್ನುವುದು ಅವನಿಗೆ ತಲೆನೋವಾಯಿತು. ಕೈಯಲ್ಲಿ ಟೇಪು ಇದ್ದ ಮನುಷ್ಯ ಸುಮ್ಮನಿರುತ್ತಾನೆಯೇ? ಪಕ್ಕದ ಮನೆ ಅಳೆದ, ಅದರ ಪಕ್ಕದ್ದು ಅಳೆದ, ಹಾಗೇ ಅಳೆಯುತ್ತ ಸಾಲಿನ ಆ ತುದಿಯವರೆಗೂ ಹೋದ. ಊಟದ ಹೊತ್ತಿಗೆ ತಿರುಗಿ ಬಂದಾಗ ಅವನ ಹಿಂದೆ ನಾಲ್ಕೈದು ಜನ ಇದ್ದರು.

ಈ ಸಾಲಿನಲ್ಲಿ ಯಾರಿಗೂ ಪೂರ್ತಿ ಅಗಲ ಇಲ್ಲ, ಎಲ್ಲರಿಗೂ ಒಂದೊಂದು ಗೇಣು ಖೋತಾ ಎಂದು ಅವನು ಸಾರಿದ. ಆಮೇಲೆ ಕೊನೆಮನೆಯ ಕಡೆ ಕೈ ತೋರಿಸಿ, "ಹನಿ ಹನಿ ಕೂಡಿದ್ರೆ ಹಳ್ಳ ಅಂತಾರೆ. ಇಲ್ಲಿ ಗೇಣು ಗೇಣು ಕೂಡಿ ಒಂದು ಮನೇನೇ ಆಗಿದೆ ನೋಡಿ," ಅಂದ.

ಎಲ್ಲರೂ ನಕ್ಕರು. ಕೊನೆಮನೆಯಾಕೆಯೂ ಗೋಡೆಯ ಈಚೆಯಿಂದ ನಕ್ಕಳು. ನಗು ಮುಗಿದ ಮೇಲೆ ಒಬ್ಬೊಬ್ಬರೇ ತಮ್ಮ ತಮ್ಮ ಮನೆಯ ಕಡೆ ತಿರುಗಿದರು. ದಾದಿ ಮಾತ್ರ ಆ ಮನೆಯನ್ನು, ಅಂದರೆ ಹುಟ್ಟಿದಾಗಿನಿಂದ ತಾನು ಆಡಿ ಬೆಳೆದ ಅಂಗಳವನ್ನು, ಹೊಸದಾಗಿ ನೋಡುವವಳಂತೆ ನೋಡುತ್ತ ನಿಂತಿದ್ದಳು.

ಈ ಬಡಾವಣೆ ಒಂದು ಕಾಲಕ್ಕೆ ತೋಟವಾಗಿತ್ತು ಅನ್ನುವುದಕ್ಕೆ ಈಗ ಉಳಿದಿರುವುದು ಹೆಸರುಗಳು ಮಾತ್ರ. ಬಸ್ಸು ನಿಲ್ಲುವಲ್ಲಿಗೆ ತೋಟದ ಗೇಟು ಅನ್ನುತ್ತಾರೆ. ಗೇಟೂ ಇಲ್ಲ, ತೋಟವೂ ಇಲ್ಲ. ನಿಂಬೆ ಸಾಲಿನಲ್ಲಿ ಸೈಕಲ್ ರಿಪೇರಿಯವರೂ ಬೇಕರಿಯವರೂ ಇದ್ದಾರೆ, ನಿಂಬೆ ಮಾತ್ರ ಇಲ್ಲ. ಹಣ್ಣು ವಿಂಗಡಿಸುತ್ತಿದ್ದ ಉದ್ದನೆಯ ಶೆಡ್ಡು ಚಿಕ್ಕಮಕ್ಕಳ ಶಾಲೆಯಾಗಿದೆ. ಬಾವಿಗೆ ಹಾಸುಗಲ್ಲು ಮುಚ್ಚಿ ಎಷ್ಟೋ ಕಾಲವಾಯಿತು. ಸಂಜೆ ಅದರ ಮೇಲೆ ಕೂತು ಹರಟುವ ಮುದುಕರಿಗೆ, ಕೆಳಗೆ ನೀರಿದೆ ಅನ್ನುವುದೇ ಮರೆತುಹೋಗಿದೆ. ಸೀಬೆ ಸಾಲಿನಲ್ಲಿ ನಿಜವಾದ ಸೀಬೆಮರ ಉಳಿದಿದ್ದರೆ ಅದು ಕೊನೆಮನೆಯಾಕೆಯ ಅಂಗಳದ್ದು ಒಂದೇ. ಅದೂ ಗೊಡ್ಡಾಗುತ್ತ ಬಂದಿತ್ತು, ಆದರೆ ನೆರಳು ಕೊಡುವುದನ್ನು ಬಿಟ್ಟಿರಲಿಲ್ಲ.

ತೋಟದ ಯಜಮಾನಿ ಗಂಡ ಸತ್ತ ಮೇಲೆ ಒಬ್ಬಳೇ ನಿಂತು ತೋಟ ನಡೆಸಿದ ಹೆಂಗಸು. ಗಿಡಗಳಿಗೆ ವಯಸ್ಸಾಯಿತು, ದೂರದಿಂದ ಲಾರಿಗಳಲ್ಲಿ ಅಗ್ಗದ ಹಣ್ಣು ಬಂದು ಬೀಳತೊಡಗಿತು, ಊರು ಬೆಳೆದು ಬೇಲಿಯ ನಾಲ್ಕೂ ಕಡೆ ಬಂದು ನಿಂತಿತು. ಗೋಡೌನು ಕಟ್ಟುತ್ತೇವೆ ಎಂದು ಇಡೀ ತೋಟವನ್ನು ಒಟ್ಟಿಗೆ ಕೇಳಿದವರು ಇದ್ದರು. ಅವಳು ಒಪ್ಪಲಿಲ್ಲ. ಗೋಡೌನಿನಲ್ಲಿ ಮಗು ಅಳುವುದಿಲ್ಲ, ಒಲೆ ಉರಿಯುವುದಿಲ್ಲ, ಇಷ್ಟು ಕಾಲ ನೀರುಂಡ ಮಣ್ಣು ಬೇಸರಪಟ್ಟುಕೊಳ್ಳುತ್ತದೆ ಅಂದಳು. ಸಂಜೆ ಗೇಟಿನ ಬಳಿ ನಿಂತು ಒಂದೊಂದು ಬುಟ್ಟಿ ಹಣ್ಣು ಕೊಳ್ಳುತ್ತಿದ್ದ ಜನಕ್ಕೇ, ಎಂದರೆ ಬಸ್ಸಿನ ಡ್ರೈವರು, ದರ್ಜಿ, ಅಂಚೆಯವನು, ಶಾಲೆಯ ಆಯಾ ಇಂಥವರಿಗೇ, ತುಂಡು ತುಂಡಾಗಿ ಕೊಡುವುದು ಎಂದು ತೀರ್ಮಾನಿಸಿದಳು.

ಸರ್ವೆಯವನು ಬಂದು ತೋಟದ ಮೂಲೆಗಳಿಗೆ ಕಲ್ಲು ನೆಟ್ಟು ಹೋದ. ಒಳಗೆ ಸಾಲು ಸಾಲಾಗಿ ಮನೆಯ ಜಾಗ ಗುರುತು ಮಾಡುವ ಕೆಲಸವನ್ನು ಯಜಮಾನಿ ಬೇರೆ ಯಾರಿಗೂ ಕೊಡಲಿಲ್ಲ. ತೋಟದಲ್ಲಿ ಗೆರೆ ಹಾಕುವುದೆಂದರೆ ಹಗ್ಗದ ಮೇಸ್ತ್ರಿ. ಅವನು ಕೊನೆಮನೆಯಾಕೆಯ ಗಂಡ. ಉದ್ದನೆಯ ನಾರಿನ ಹಗ್ಗಕ್ಕೆ ಅಳತೆಗೆ ಸರಿಯಾಗಿ ಕೆಂಪು ಬಟ್ಟೆಯ ಚೂರು ಕಟ್ಟಿ, ಒಂದು ತುದಿಯನ್ನು ಹೆಂಡತಿಯ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ತಾನು ಎಳೆದು ಹಿಡಿದರೆ, ಕೆಂಪು ಚೂರು ಇದ್ದಲ್ಲಿ ಒಂದು ಗಿಡ. ತೋಟದ ಒಂದು ಗಿಡವೂ ಅವನ ಹಗ್ಗವನ್ನು ಮೀರಿ ನಿಂತದ್ದಿಲ್ಲ. ಅವನಿಗೊಂದು ಪದ್ಧತಿಯಿತ್ತು. ಗೆರೆ ಹಾಕುವ ದಿನ ಬೆಳಗ್ಗೆ ಹಗ್ಗಕ್ಕೆ ನೀರು ಕುಡಿಸದೆ ಕೆಲಸಕ್ಕೆ ಇಳಿಯುತ್ತಿರಲಿಲ್ಲ. ಇಡೀ ಹಗ್ಗವನ್ನು ಕಾಲುವೆಯಲ್ಲಿ ಮುಳುಗಿಸಿ, ತೊಟ್ಟಿಕ್ಕುವ ಹಾಗೇ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದ. ಒಣಹಗ್ಗ ಗಾಳಿಗೆ ಅಲ್ಲಾಡುತ್ತದೆ, ಗೆರೆ ಸೊಟ್ಟಾಗುತ್ತದೆ ಅನ್ನುವುದು ಒಂದು ಕಾರಣ. ಇನ್ನೊಂದನ್ನು ಅವನು ನಗುತ್ತ ಹೇಳುತ್ತಿದ್ದ: ಹಗ್ಗಕ್ಕೆ ಬಾಯಾರಿದರೆ ಗಿಡಕ್ಕೂ ಬಾಯಾರುತ್ತದೆ.

ಮನೆಗಳ ಅಳತೆಗೆಂದು ಸರ್ವೆಯವನ ಸರಪಳಿ ಇಟ್ಟುಕೊಂಡು ಹಿಂದಿನ ದಿನವೇ ಕೆಂಪು ಚೂರುಗಳನ್ನು ಬಿಚ್ಚಿ ಹೊಸದಾಗಿ ಕಟ್ಟಿದ್ದ. ಮರುದಿನ ಎಂದಿನಂತೆ ಹಗ್ಗವನ್ನು ಕಾಲುವೆಯಲ್ಲಿ ಅದ್ದಿ ತಂದ. ಆಕೆ ಒಂದು ತುದಿ ಹಿಡಿದಳು. ಗಿಡದ ಬದಲು ಈ ಸಲ ಗೂಟ ನೆಡುತ್ತ ಹೋದರು. ಸಾಲು ಮುಗಿದಾಗ ಕೊನೆಯಲ್ಲಿ ಒಂದು ಚೂರು ಜಾಗ ಉಳಿಯಿತು. ಎರಡು ಮಂಚ ಅಡ್ಡಡ್ಡ ಹಾಕಿದರೆ ಮೂರನೆಯದಕ್ಕೆ ಎಡೆಯಿಲ್ಲ, ಅಷ್ಟು. ಬೇರೆ ಸಾಲುಗಳ ತುದಿಯಲ್ಲೂ ಹೀಗೇ ಉಳಿಯಿತು. ಸರ್ವೆಯವನು ಲೆಕ್ಕದಲ್ಲಿ ಧಾರಾಳಿ ಇರಬೇಕು ಎಂದು ಯಜಮಾನಿ ನಕ್ಕಳು. ನಿಂಬೆ ಸಾಲಿನ ತುದಿಯ ಚೂರಿಗೆ ಎಲ್ಲರೂ ನೀರು ಹಿಡಿಯುವ ನಲ್ಲಿ ಬಂತು, ಇನ್ನೊಂದು ಸಾಲಿನ ತುದಿಯಲ್ಲಿ ಮಕ್ಕಳ ಜಾರುಬಂಡೆ ಬಂತು. ಸೀಬೆ ಸಾಲಿನ ಚೂರಿನಲ್ಲಿ ನಿಂತು ಅವಳು ಗಂಡಹೆಂಡಿರನ್ನು ಕರೆದಳು.

"ಇದು ಯಾರಿಗೂ ಸಾಲದ ಜಾಗ. ನಿಮಗೆ ಸಾಲುತ್ತೆ," ಅಂದಳು.

ತೋಟದ ಮೂಲೆಯ ತಗಡಿನ ಕೋಣೆಯಲ್ಲಿ ಮಗು ಕಟ್ಟಿಕೊಂಡು ಇದ್ದವರು ಅವರು. ತೋಟ ಹೋದರೆ ಆ ಕೋಣೆಯೂ ಹೋಗುತ್ತಿತ್ತು. ಅಂದು ಗಂಡ ಒದ್ದೆ ಹಗ್ಗವನ್ನು ಸುತ್ತಿ ಬಿಚ್ಚಿ, ಮತ್ತೆ ಸುತ್ತುತ್ತ ನಿಂತಿದ್ದದ್ದು ಆಕೆಗೆ ಈಗಲೂ ಕಣ್ಣಿಗೆ ಕಟ್ಟಿದಂತಿತ್ತು. ಅಂದಿನಿಂದ ಇಂದಿನವರೆಗೆ ಬಾಗಿಲು ತೆರೆಯುವಾಗಲೆಲ್ಲ ಆಕೆ ಯಜಮಾನಿಯನ್ನು ಒಮ್ಮೆ ನೆನೆಯದೆ ಹೊಸಿಲು ದಾಟಿದ್ದಿಲ್ಲ.

ಆ ಸಂಜೆ ಮಗ ಗ್ಯಾರೇಜಿನಿಂದ ಬರುವಷ್ಟರಲ್ಲಿ ಸುದ್ದಿ ಅವನಿಗೆ ಬಸ್ ನಿಲ್ದಾಣದಲ್ಲೇ ಸಿಕ್ಕಿತ್ತು. ಕೈಗೆ ಹತ್ತಿದ ಎಣ್ಣೆಯನ್ನು ಸೋಪು ಹಾಕಿ ಉಜ್ಜುತ್ತ, ಬೇಕರಿಯವನು ಏನೆಂದ ಗೊತ್ತಾ ಎಂದ. ಹಗ್ಗದ ಮೇಸ್ತ್ರಿ ಕೈಚಳಕ ಅಂತ ಅಂದನಂತೆ. ತಮಾಷೆಗೇ ಅಂದದ್ದು. ಆದರೂ ಎಣ್ಣೆ ಹೋದ ಮೇಲೂ ಮಗ ಕೈ ಉಜ್ಜುತ್ತಲೇ ಇದ್ದ.

"ಅಮ್ಮ, ಯಾರಾದ್ರೂ ಕೇಳಿದ್ರೆ ನಂಗೊತ್ತಿಲ್ಲ ಅನ್ನು. ನೀನೇ ಹೋಗಿ ಬಾಯಿ ಬಿಡಬೇಡ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಗುತ್ತೆ. ಇವತ್ತು ಒಬ್ರಿಗೆ ಗೇಣು ಬಿಟ್ರೆ ನಾಳೆ ಇಡೀ ಸಾಲು ಬರುತ್ತೆ. ಆಮೇಲೆ ನಮಗೆ ಮರ ಒಂದೇ ಉಳಿಯೋದು, ಅದರ ಮೇಲೆ ಹತ್ತಿ ಮಲಗಬೇಕು."

ಮಗ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಸೊಸೆಗೆ ಇದು ಏಳನೇ ತಿಂಗಳು. ಒಳಗಿನ ಕೋಣೆಯಲ್ಲಿ ತೊಟ್ಟಿಲಿಗೆ ಜಾಗ ಮಾಡಬೇಕೆಂದು ಪೆಟ್ಟಿಗೆಗಳನ್ನು ಮಂಚದ ಕೆಳಗೆ ತಳ್ಳಿಯಾಗಿತ್ತು. ಆದರೆ ಆಕೆಯನ್ನು ಕೊರೆಯುತ್ತಿದ್ದದ್ದು ಮನೆಯ ಚಿಂತೆ ಮಾತ್ರ ಅಲ್ಲ. ಗಂಡ ಸತ್ತು ಎಷ್ಟೋ ವರ್ಷವಾಗಿತ್ತು. ಸತ್ತವನು ಬಂದು ಉತ್ತರ ಹೇಳುವುದಿಲ್ಲ. ಬೇಕೆಂದೇ ಮಾಡಿದನೇ ಎಂದು ಒಂದು ಗಳಿಗೆ, ಒಂದೇ ಗಳಿಗೆ, ಆಕೆಗೂ ಅನ್ನಿಸಿಬಿಟ್ಟಿತ್ತು. ಅಂದು ಅವನು ಹಗ್ಗ ಸುತ್ತಿ ಬಿಚ್ಚಿ ಮಾಡುತ್ತಿದ್ದದ್ದು ಸಂತೋಷಕ್ಕೋ, ಅಳುಕಿಗೋ? ಇಂಥ ಪ್ರಶ್ನೆ ತನಗೆ ಬಂತಲ್ಲ ಎಂದು ಆಕೆಗೆ ಗಂಡನ ಫೋಟೋದ ಕಡೆ ನೋಡಲು ನಾಚಿಕೆಯಾಯಿತು.

ಸಾಲಿನಲ್ಲಿ ಯಾರೂ ಕೆಟ್ಟ ಮಾತಾಡಲಿಲ್ಲ. ಆದರೆ ಮಾತು ಕಡಿಮೆಯಾಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಬೆಳಗ್ಗೆ ಕಲ್ಲಿನ ಬಗ್ಗೆ ಕೇಳುವುದು ನಿಂತುಹೋಯಿತು.

ಆ ಕಲ್ಲು ಸಾಲಿನವರಿಗೆಲ್ಲ ಗೊತ್ತಿದ್ದದ್ದು. ಹಳೆಯ ಹಗ್ಗ ಸವೆದು ತುಂಡಾದ ಮೇಲೆ ಆಕೆಯ ಗಂಡ ಅದರಲ್ಲಿ ಗಟ್ಟಿಯಾಗಿದ್ದ ಒಂದು ಭಾಗವನ್ನು ಉಳಿಸಿಕೊಂಡು ಬಟ್ಟೆ ಒಣಗಿಸಲು ಕಟ್ಟಿಕೊಟ್ಟಿದ್ದ. ಒಂದು ತುದಿ ಸೀಬೆಮರಕ್ಕೆ. ಇನ್ನೊಂದು ತುದಿಯನ್ನು ಹಿತ್ತಲಲ್ಲಿ ನೆಟ್ಟ ಕವಲುಗಂಬದ ಮೇಲಿಂದ ಇಳಿಬಿಟ್ಟು, ಅದಕ್ಕೆ ಒಂದು ಗುಂಡುಕಲ್ಲು ತೂಗುಹಾಕಿದ್ದ. ಹಗ್ಗ ಜೋತು ಬೀಳದಿರಲಿ ಎಂದು ಈ ಉಪಾಯ. ಬಿಸಿಲಿನಲ್ಲಿ ಕಲ್ಲು ನೆಲದ ಮೇಲೆ ಕೂತಿರುತ್ತಿತ್ತು. ಹವೆ ತೇವವಾದರೆ ತಾನಾಗಿ ಮೇಲೇಳುತ್ತಿತ್ತು. ಬೆಳಗ್ಗೆ ಬಟ್ಟೆ ನೆನೆಹಾಕುವ ಮೊದಲು ಸಾಲಿನ ಹೆಂಗಸರು ತಮ್ಮ ಬಾಗಿಲಲ್ಲೇ ನಿಂತು ಕೂಗಿ ಕೇಳುವುದಿತ್ತು: "ಅತ್ತೆ, ಕಲ್ಲು ಎದ್ದಿದೆಯಾ?" ಎದ್ದಿದೆ ಅಂದರೆ ಮಳೆಗೆ ಮುನ್ಸೂಚನೆ, ಆ ದಿನ ಹೊದಿಕೆ ಒಗೆಯುವಂತಿಲ್ಲ. ಕೂತಿದೆ ಅಂದರೆ ಬಿಸಿಲು. ರೇಡಿಯೋದವರು ಸುಳ್ಳು ಹೇಳಬಹುದು, ಅತ್ತೆಯ ಕಲ್ಲು ಹೇಳುವುದಿಲ್ಲ ಎಂಬ ಮಾತೇ ಇತ್ತು. ಮೊದಲು ಹಾಗೆ ಅಂದವಳು ದರ್ಜಿಯ ಮಗಳು, ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಗ. ಈಗ ಅವಳು ತಲೆ ತಗ್ಗಿಸಿಕೊಂಡು ಆಸ್ಪತ್ರೆಯ ಬಸ್ಸಿಗೆ ಓಡುತ್ತಿದ್ದಳು. ಜಗಳವಾಡಿದ್ದರೆ ಒಂದು ಬಗೆಯಲ್ಲಿ ಒಳ್ಳೆಯದಿತ್ತು ಎಂದುಕೊಂಡಳು ಕೊನೆಮನೆಯಾಕೆ.

ಒಂದು ಬೆಳಗ್ಗೆ ಮಳೆ ಹಿಡಿದುಕೊಂಡಿತು. ಜೋರಿಲ್ಲ, ಸೋನೆ. ಹಗ್ಗದ ಮೇಲೆ ಒಂದು ಬಟ್ಟೆಯೂ ಇರಲಿಲ್ಲ. ಆಕೆ ಹಿತ್ತಲ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತ ಸುಮ್ಮನೆ ಕಲ್ಲಿನ ಕಡೆ ನೋಡುತ್ತಿದ್ದಳು. ಕಲ್ಲು ಎದ್ದಿತ್ತು. ಖಾಲಿ ಹಗ್ಗ ಬಿಗಿದು ತಂಬೂರಿಯ ತಂತಿಯಾಗಿತ್ತು. ಮರದ ಹತ್ತಿರ ಒಂದು ಕೆಂಪು ಚೂರು, ಕಂಬದ ಹತ್ತಿರ ಇನ್ನೊಂದು. ಬಣ್ಣ ಹೋಗಿ ಮಣ್ಣಿನ ಹಾಗಾಗಿದ್ದರೂ ಗಂಟು ಮಾತ್ರ ಗಂಡ ಹಾಕಿದ್ದೇ. ಒಂದು ಚೂರಿನಿಂದ ಇನ್ನೊಂದಕ್ಕೆ ಒಂದು ಮನೆಯ ಅಗಲ.

ಸೊಪ್ಪಿನ ಮೊರವನ್ನು ಪಕ್ಕಕ್ಕಿಟ್ಟು ಮಳೆಯಲ್ಲೇ ಇಳಿದು ಹೋದಳು. ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳನ್ನು ನೆಲಕ್ಕೂರಿ ಕೈಯನ್ನು ಅಗಲಿಸಿದಳು. ಕಿರುಬೆರಳು ಕಲ್ಲಿನ ತಳಕ್ಕೆ ತಾಗಿತು.

ಒಂದು ಗೇಣು.

ಮಳೆಯ ನೀರು ಹಣೆಯಿಂದ ಮೂಗಿನ ತುದಿಗೆ ಇಳಿಯುತ್ತಿತ್ತು. ಒಣಗಿದ್ದಾಗ ಕಟ್ಟಿದ ಗುರುತು; ನೀರು ಕುಡಿಸಿ ಎಳೆದ ಹಗ್ಗ, ಮನೆಗೊಂದು ಗೇಣು ಕುಗ್ಗಿದ್ದು. ಗಿಡಕ್ಕಾದರೆ ಒಂದು ಗೇಣು ಹತ್ತಿರವಾದರೂ ಲೆಕ್ಕವಿಲ್ಲ, ಬೇರು ಹೊಂದಿಕೊಳ್ಳುತ್ತದೆ. ಮನೆಗೆ ಬೇರಿಲ್ಲ. ಇಷ್ಟು ವರ್ಷ ಇಡೀ ಬೀದಿಗೆ ಹವೆ ಹೇಳಿಕೊಂಡು ಬಂದವಳಿಗೆ ಕಣ್ಣೆದುರು ಎದ್ದು ಇಳಿಯುತ್ತಿದ್ದ ಸಂಗತಿ ಕಂಡಿರಲಿಲ್ಲ. ಆಕೆಗೆ ಅಳು ಬಂತು, ಜೊತೆಗೇ ನಗುವೂ ಬಂತು. ಕಳ್ಳನಲ್ಲ ನನ್ನ ಗಂಡ, ಪೆದ್ದ, ಎಂದು ಕಲ್ಲಿಗೆ ಹೇಳಿದಳು. ಸೊಸೆ ಬಾಗಿಲಿಗೆ ಬಂದು, ಅತ್ತೆ ಮಳೆಯಲ್ಲಿ ಯಾರ ಜೊತೆ ಮಾತಾಡುತ್ತಿದ್ದಾರೆ ಎಂದು ಗಾಬರಿಯಾದಳು.

ಮಗ ಹೇಳಿದ್ದು ಆಕೆಗೆ ನೆನಪಿತ್ತು. ತೊಟ್ಟಿಲೂ ನೆನಪಿತ್ತು. ಗಂಡ ಕಳ್ಳನಲ್ಲ ಎಂದು ಹೇಳಬೇಕಾದರೆ ಜಾಗ ನಮ್ಮದಲ್ಲ ಎಂದೂ ಅದೇ ಬಾಯಿಂದ ಹೇಳಬೇಕಾಗುತ್ತದೆ. ಒಂದನ್ನು ಇಟ್ಟುಕೊಂಡು ಒಂದನ್ನು ಬಿಡುವ ದಾರಿ ಇದೆಯೇ ಎಂದು ಸೀರೆ ಬದಲಾಯಿಸುವಷ್ಟು ಹೊತ್ತು ಯೋಚಿಸಿದಳು. ಆಮೇಲೆ ಛತ್ರಿ ತೆಗೆದುಕೊಂಡು ದರ್ಜಿಯ ಮನೆಯ ಮೆಟ್ಟಿಲು ಹತ್ತಿದಳು.

ದರ್ಜಿ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತು ಯಾರದೋ ಅಂಗಿಗೆ ಕಾಜ ಹೊಲಿಯುತ್ತಿದ್ದ. ಮೆಷಿನ್ನು ತುಳಿಯುವ ಕಾಲಿನ ಬಲ ಹೋದ ಮೇಲೆ ಕೈಹೊಲಿಗೆಯೊಂದೇ ಉಳಿದಿತ್ತು. ಆಕೆ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಕಲ್ಲು, ಕೆಂಪು ಚೂರು, ಕಾಲುವೆ, ಗೇಣು. ಕೊನೆಗೆ, ನಿಮ್ಮ ಜಾಗ ನಮ್ಮ ಹತ್ತಿರ ಇದೆ ಅಣ್ಣ, ಆದರೆ ಅವರು ಬೇಕೆಂದು ಮಾಡಿದ್ದಲ್ಲ ಅಂದಳು. ಛತ್ರಿಯ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ದರ್ಜಿ ದಾರವನ್ನು ಹಲ್ಲಿನಿಂದ ಕತ್ತರಿಸಿದ. "ಕೂತ್ಕೋ ತಂಗಿ. ನಿಂತು ಹೇಳೋವಷ್ಟು ದೊಡ್ಡ ವಿಷಯ ಏನಲ್ಲ. ನನಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಎಲ್ಲಾ. ನಾನು ದರ್ಜಿ ಕಣಮ್ಮ. ಸೈಟು ತಗೊಂಡು ಸುಮ್ನೆ ಇರ್ತೀನಾ? ಬಟ್ಟೆ ಅಳೆಯೋ ಟೇಪು ಹಿಡ್ಕೊಂಡು ಮಂಡಿಯೂರಿ ಈ ಕಡೆಯಿಂದ ಆ ಕಡೆಗೆ ಅಳೆದೆ. ಗೇಣು ಕಮ್ಮಿ. ಮೈಯೆಲ್ಲ ಉರಿದು ಹೋಯ್ತು. ಮಾರನೇ ದಿನ ಬೆಳಗ್ಗೇನೇ ನಿನ್ನ ಗಂಡನ ಹತ್ರ ಜಗಳಕ್ಕೆ ಬಂದೆ."

ಆಕೆಗೆ ಯಾವ ಜಗಳವೂ ನೆನಪಿರಲಿಲ್ಲ. ಗಂಡ ಸಾಯುವವರೆಗೆ ಇವನೂ ಅವನೂ ಭಾವ ಭಾವ ಎಂದು ಹೆಗಲ ಮೇಲೆ ಕೈ ಹಾಕಿಕೊಂಡು ತಿರುಗಿದವರು.

"ನಿನಗೆಲ್ಲಿ ನೆನಪಿರುತ್ತೆ," ಅಂದ ದರ್ಜಿ. "ನೀನು ಬಾವಿ ಹತ್ರ ನೀರು ಸೇದ್ತಿದ್ದೆ. ನನ್ನ ಕೈಯಲ್ಲಿ ಒಂದು ಕೊಡ. ಬರಿಗೈಲಿ ಹೋದ್ರೆ ಜಗಳಕ್ಕೇ ಬಂದ ಅಂತ ದೂರದಿಂದಲೇ ಗೊತ್ತಾಗುತ್ತಲ್ಲ, ಅದಕ್ಕೆ ತಂದಿದ್ದೆ. ನಾನು ಬಾಯಿ ತೆಗೆಯೋಕೆ ಮುಂಚೆ ನೀನು ನಿನ್ನ ಕೊಡ ಪಕ್ಕಕ್ಕಿಟ್ಟೆ. ಅಣ್ಣ ಹೊಸಬರು, ಅವರಿಗೆ ಮೊದಲು ಅಂತ ನನ್ನ ಕೊಡ ತುಂಬಿ, ಎತ್ತಿ ಹೆಗಲಿಗೂ ಇಟ್ಟೆ. ತುಂಬಿದ ಕೊಡ ಹೊತ್ಕೊಂಡು ಯಾವನು ಜಗಳ ಆಡ್ತಾನೆ ಹೇಳು. ಹಾಗೇ ವಾಪಸ್ಸು ಬಂದೆ."

ಆಕೆ ಕೂತಳು. ಅಂಥ ಎಷ್ಟೋ ಕೊಡಗಳನ್ನು ತುಂಬಿದ್ದಳು. ಅದರಲ್ಲಿ ಇದು ಯಾವುದು ಎಂದು ಹುಡುಕಿದರೂ ಸಿಗಲಿಲ್ಲ.

ಮೂರು ದಿನ ಯೋಚನೆ ಮಾಡಿದನಂತೆ ದರ್ಜಿ. ಹಗ್ಗವನ್ನು ಕಾಲುವೆಗೆ ಅದ್ದಿದ್ದು ಅವನೇ ನೋಡಿದ್ದ. ಅಂದು ತನ್ನ ಜಾಗ ಯಾವುದು ಬರುತ್ತದೋ ಎಂದು ಬೆಳಗ್ಗೆಯೇ ಬಂದು ಬದುವಿನ ಮೇಲೆ ಕೂತಿದ್ದನಲ್ಲ. ಹೊಸ ಬಟ್ಟೆಯನ್ನು ನೆನೆಸದೆ ಕತ್ತರಿಸುವುದು ದರ್ಜಿಗಳು ಮಾಡುವ ತಪ್ಪು. ಭಾವ ನೆನೆಸಿ ಕತ್ತರಿಸಿದ, ಅಷ್ಟೇ ವ್ಯತ್ಯಾಸ ಎಂದು ಅವನಿಗೆ ಅರ್ಥವಾಯಿತು. ಯಾರ ಮುಂದೆಯೂ ಬಾಯಿ ಬಿಡಲಿಲ್ಲ, ಕಟ್ಟಿಕೊಂಡ ಹೆಂಡತಿಯ ಮುಂದೆಯೂ.

ಆಕೆ ತಾನು ಬಂದದ್ದು ನಿಜವಾಗಿ ಯಾವ ಪ್ರಶ್ನೆಗೋ ಅದನ್ನು ಕೇಳಿದಳು. "ಅವರಿಗೆ ಗೊತ್ತಿತ್ತಾ ಅಣ್ಣ?"

"ಭಾವನಿಗಾ? ಗೊತ್ತಾಗಿದ್ರೆ ಆ ರಾತ್ರೀನೇ ಮಗು ಎತ್ಕೊಂಡು ಮನೆ ಬಿಟ್ಟು ನಡೀತಿದ್ದ. ಅವನ ಬುದ್ಧಿ ನಿನಗೆ ಗೊತ್ತಿಲ್ವಾ? ಅದಕ್ಕೇ ನಾನು ಹೇಳಲಿಲ್ಲ." ದರ್ಜಿ ಸೂಜಿಯನ್ನು ಅಂಗಿಯ ಕಾಲರಿಗೆ ಸಿಕ್ಕಿಸಿಕೊಂಡ. "ಒಂದು ಗೇಣು ಹೋದ್ರೆ ಹೋಗ್ಲಿ. ಬೇರೆ ಎಲ್ಲಿ ಹೋಗಿದ್ರೂ ನನಗೆ ಇಂಥ ಪಕ್ಕದ ಮನೆ ಸಿಕ್ತಿರಲಿಲ್ಲ."

ಒಳಬಾಗಿಲಿನ ಬಳಿ ಸದ್ದಾಯಿತು. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ ದಾದಿ, ಕೆದರಿದ ತಲೆಯಲ್ಲೇ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಅಪ್ಪ, ಇಳಿಜಾರು ಬೇಡ ಬೇಡ ಅಂತ ವರ್ಷವೆಲ್ಲ ಹಟ ಹಿಡಿದಿದ್ದು ಇದಕ್ಕಾ?"

ದರ್ಜಿ ಕಿಟಕಿಯ ಕಡೆ ನೋಡಿದ. "ಮೇಸ್ತ್ರಿ ಬಂದ್ರೆ ಟೇಪು ಬರುತ್ತಲ್ಲಮ್ಮ," ಅಂದ.

ಅವಳು ಒಳಗಿನಿಂದ ಒಣಬಟ್ಟೆ ತಂದು, ಕೊನೆಮನೆಯಾಕೆಯ ಪಕ್ಕ ನೆಲಕ್ಕೆ ಕೂತು, ಆಕೆಯ ಒದ್ದೆ ಜಡೆಯನ್ನು ಬಿಚ್ಚಿ ಒರೆಸತೊಡಗಿದಳು. ಆಸ್ಪತ್ರೆಯ ಕೈ, ಒತ್ತುವುದೂ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಿವಿಯ ಹತ್ತಿರ ಮೆಲ್ಲಗೆ ಕೇಳಿದಳು. "ಅತ್ತೆ, ಕಲ್ಲು ಎಷ್ಟು ಎದ್ದಿದೆ?"

ಅದೇ ಗಳಿಗೆಯಲ್ಲಿ ಆಕೆ ತೀರ್ಮಾನ ಮಾಡಿದಳು. ಗೇಣು ಕೊಡುವ ಮಾತಲ್ಲ, ಗೋಡೆಯನ್ನೇ ತೆಗೆದುಬಿಡೋಣ. ಎರಡು ಮನೆಗಳ ನಡುವೆ ಒಂದೇ ಓಣಿ ಇರಲಿ, ಕುರ್ಚಿಯೂ ಹೋಗಲಿ, ತೊಟ್ಟಿಲು ತುಂಬಿದ ಮೇಲೆ ಮಗುವೂ ಅಂಬೆಗಾಲಿಡಲಿ.

ಮಗ ಕೇಳಿ ತಲೆ ಚಚ್ಚಿಕೊಂಡ. ಆಕೆ ಅಷ್ಟಕ್ಕೇ ನಿಲ್ಲಿಸಲೂ ಇಲ್ಲ. ಯಾರೋ ಹೇಳಿ ಗೊತ್ತಾಗುವುದಕ್ಕಿಂತ ನಾನೇ ಹೇಳುತ್ತೇನೆ ಎಂದು ಸಾಲಿನ ಮನೆ ಮನೆಗೂ ಹೋದಳು. ಆಯಾ ಕೇಳಿ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡಳು. ಅಂಚೆಯವನ ಹೆಂಡತಿ, ಹಾಗಾದರೆ ನಿಂಬೆ ಸಾಲಿನ ನಲ್ಲಿಯೂ ಜಾರುಬಂಡೆಯೂ ಮೇಸ್ತ್ರಿಯ ಹಗ್ಗದ್ದೇ ಅಲ್ಲವೇ, ನನ್ನ ಮಕ್ಕಳು ಬೆಳೆದದ್ದೇ ಅಲ್ಲಿ ಅಂದಳು. ಕೊನೆಮನೆಯಾಕೆಗೆ ಅದು ಹೊಳೆದೇ ಇರಲಿಲ್ಲ. ನಿವೃತ್ತ ಗುಮಾಸ್ತನೊಬ್ಬ ಮಾತ್ರ ಗಂಭೀರವಾಗಿ, ನನ್ನ ಗೇಣು ನನಗೆ ಬೇಕು, ಯೋಚಿಸಿ ಹೇಳುತ್ತೇನೆ ಅಂದ. ಎರಡು ದಿನ ಯೋಚಿಸಿದ. ಅವನ ಗೇಣು ಅವನಿಗೆ ಸಿಗಬೇಕಾದರೆ ಪಕ್ಕದವನ ಗೋಡೆ ಸರಿಯಬೇಕು, ಅವನದು ಸರಿಯಲು ಅವನ ಪಕ್ಕದವನದು, ಹಾಗೇ ಅರ್ಧ ಸಾಲು ಒಡೆಯಬೇಕು ಎಂದು ಲೆಕ್ಕ ಸಿಕ್ಕಿತು. ಮೂರನೆಯ ದಿನ ಬಂದು, ಇರಲಿ ಬಿಡಿ, ನಿಮ್ಮಲ್ಲೇ ಜೋಪಾನವಾಗಿರಲಿ ಅಂದ. ಆ ಮಾತು ಬೀದಿಯಲ್ಲಿ ಗಾದೆಯಂತೆ ಉಳಿದುಬಿಟ್ಟಿತು. ಬೇಕರಿಯವನು ಮಗನ ಕೈಗೆ ಬಿಸಿ ಬ್ರೆಡ್ಡೊಂದನ್ನು ಕೊಟ್ಟು, ದುಡ್ಡಿಗೆ ಕೈ ಚಾಚದೆ ಮುಂದಿನ ಗಿರಾಕಿಯ ಕಡೆ ತಿರುಗಿದನಂತೆ.

ಗೋಡೆ ಒಡೆಯುವ ದಿನ ಹಾರೆ ಹಿಡಿದವನು ಮಗನೇ. ಬೈಯುತ್ತಲೇ ಒಡೆದ. ಇಟ್ಟಿಗೆಗಳನ್ನು ಸೊಸೆಗೆ ಮುಟ್ಟಗೊಡದೆ ದಾದಿ ಒಂದು ಕಡೆ ಪೇರಿಸಿದಳು. ದರ್ಜಿಯನ್ನು ಕುರ್ಚಿಯ ಸಮೇತ ಮಗನೂ ಗಾರೆ ಮೇಸ್ತ್ರಿಯೂ ಎತ್ತಿ ಕೆಳಗಿಳಿಸಿದರು. ಇನ್ನು ಎತ್ತುವುದು ಇದೇ ಕೊನೆ, ಹೊಲಿಗೆ ಮೆಷಿನ್ನನ್ನೂ ಇಷ್ಟು ಸಲ ಎತ್ತಿಲ್ಲ ಎಂದು ಅವನು ಇಬ್ಬರ ಹೆಗಲ ನಡುವೆ ತೂಗಾಡುತ್ತ ಹೇಳಿದ. ಸೀಬೆಮರದ ಕೆಳಗೆ ಅವನನ್ನು ಕೂರಿಸಿದರು. ಎಷ್ಟೋ ಕಾಲದ ಮೇಲೆ ಆ ನೆರಳಿಗೆ ಬಂದವನು ಕುತ್ತಿಗೆ ಎತ್ತಿ ಎಲೆಗಳನ್ನೇ ನೋಡುತ್ತಿದ್ದ.

ಇಳಿಜಾರಿನ ಅಂಚಿಗೆ ಗೆರೆ ಹಾಕಬೇಕಿತ್ತು. ಮೇಸ್ತ್ರಿ ಚೀಲದಿಂದ ದಾರದ ಉಂಡೆ ತೆಗೆದ.

"ಅದು ಬೇಡ," ಅಂದ ದರ್ಜಿ. "ಭಾವನ ಹಗ್ಗದಲ್ಲೇ ಎಳೀರಿ."

ಮೇಸ್ತ್ರಿ ನಗುತ್ತ ಮರಕ್ಕೆ ಕಟ್ಟಿದ್ದ ಗಂಟಿಗೆ ಕೈ ಹಾಕಿದ. ಕೊನೆಮನೆಯಾಕೆ ಅವನನ್ನು ತಡೆದಳು. ರಾತ್ರಿ ಇಬ್ಬನಿ ಬಿದ್ದಿತ್ತು. ಕಂಬದ ಬುಡದಲ್ಲಿ ಕಲ್ಲು ಇನ್ನೂ ನಾಲ್ಕು ಬೆರಳು ಮೇಲಿತ್ತು.

"ಸ್ವಲ್ಪ ತಡೀಪ್ಪಾ. ಕೂರಲಿ."

ಅರ್ಥವಾಗದೆ ಮೇಸ್ತ್ರಿ ಎಲ್ಲರ ಮುಖ ನೋಡಿದ. ಮಗ ಹಾರೆಯನ್ನು ಒರಗಿಸಿ ಇಟ್ಟಿಗೆಯ ರಾಶಿಯ ಮೇಲೆ ಕೂತ. ಸೊಸೆ ಬಾಗಿಲಿಗೆ ಒರಗಿದಳು. ದಾದಿ ಅಪ್ಪನ ಕುರ್ಚಿಯ ಪಕ್ಕ ಮಂಡಿಯೂರಿದಳು. ಮೇಸ್ತ್ರಿಯೂ ಕೊನೆಗೆ ಟೇಪನ್ನು ಜೇಬಿಗೆ ಹಾಕಿ ಕುಕ್ಕರಗಾಲಲ್ಲಿ ಕೂತ. ಬಿಸಿಲು ಮರದ ಎಲೆಗಳ ನಡುವಿನಿಂದ ಹಗ್ಗದ ಮೇಲೆ ಬಂದು, ನಿಧಾನವಾಗಿ ಕಂಬದ ಕಡೆಗೆ ಸರಿಯಿತು. ಕಲ್ಲಿನ ಕೆಳಗೆ, ಬಿಸಿಲು ಕಾಣದೆ ಬಿಳಿಚಿಕೊಂಡಿದ್ದ ಗರಿಕೆಯ ಎಸಳೊಂದು ನಿಂತಿತ್ತು. ಎಲ್ಲರೂ ಅದನ್ನೇ ನೋಡುತ್ತಿದ್ದರು. ಕಲ್ಲು ಅದರ ತುದಿಗೆ ತಾಗಿತು. ಎಸಳು ಸ್ವಲ್ಪ ಬಾಗಿತು, ಇನ್ನೂ ಸ್ವಲ್ಪ ಬಾಗಿತು, ಆಮೇಲೆ ನೆಲಕ್ಕೆ ಒರಗಿತು.